ಒಂದು ಗೇಣು ಬಳ್ಳಿ

ಹೆರಿಗೆ ವಾರ್ಡಿನ ಬಾಗಿಲಲ್ಲಿ ಐಸ್ ಡಬ್ಬಿ ಹಿಡಿದು ನಿಂತಿದ್ದೆ,
ಕುಲ್ಫಿ ಮಾರುವವಳ ಹಾಗೆ.
ಒಳಗೆ ಸುವರ್ಣಾ ಹೆತ್ತಿದ್ದಳು, ಔರಾದ್ ಕಡೆಯವಳು.
ಎರಡು ದಿನ ಮೊದಲೇ ಸಹಿ ಹಾಕಿದ್ದಳು, ದುಂಡಗೆ;
ಅತ್ತೆಗೆ ಹೇಳಿರಲಿಲ್ಲ.
ಅತ್ತೆ ಕಾಶೀಬಾಯಿ ಹೊರಗೆ, ಕಣ್ಣು ನನ್ನ ಡಬ್ಬಿಯ ಮೇಲೆ.

"ಕೂಸಿನ ಬಳ್ಳಿ ಒಯ್ದು ಏನ್ ಮಾಡ್ತೀರಿ?
ನಮ್ಮಲ್ಲಿ ಅದನ್ನ ಮಣ್ಣಾಗ ಇಡ್ತಾರ.
ನಾಯಿ ಕೆದರಬಾರ್ದಂತ ಮ್ಯಾಲ ಕಲ್ಲು ಹೇರ್ತಾರ."

ಒಪ್ಪಿಗೆ ಪತ್ರ ಓದಿ ಹೇಳಿದೆ.
ಅದರ ಕನ್ನಡ ನನಗೇ ತಿಳಿಯಲಿಲ್ಲ.
ಮಡಚಿಟ್ಟು ಬಾಯಿಮಾತಲ್ಲಿ ಹೇಳಿದೆ:
ಬಳ್ಳಿಯೊಳಗ ಒಂದು ನಾಳ ಅದ, ಬಾಯೀ.
ಅದರ ಒಳಗೋಡಿಗೆ ಸುಣ್ಣ ಹಚ್ಚಿದಂಗ ಒಂದೇ ಪದರ ಜೀವಕೋಶ.
ಅವನ್ನ ಬಿಡಿಸಿ, ಸಾಕಿ,
ಹೊಸ ಚರ್ಮದಾಗ ರಕ್ತದ ದಾರಿ ಕಟ್ಟಲಾಕ ಹಚ್ತೀವಿ.

"ಯಾರ ಚರ್ಮ?"
ಸದ್ಯಕ್ಕ ಯಾರದೂ ಅಲ್ಲ.
ಮುಂದ ಎಂದರ, ಸಕ್ಕರೆ ಬ್ಯಾನಿಯಿಂದ
ಕಾಲಿನ ಹುಣ್ಣು ಮಾಯದವರಿಗೆ...

ಮಾತು ಅರ್ಧಕ್ಕೇ ನಿಂತಿತು.
ಅವಳ ಎಡಗಾಲಲ್ಲಿ ಎರಡು ಬೆರಳಿರಲಿಲ್ಲ.
ಕೇಳಲಿಲ್ಲ ನಾನು. ಅವಳು ಸೀರೆಯ ಅಂಚು ಇಳಿಬಿಟ್ಟಳು.

ಆಮೇಲೆ ಹೆಬ್ಬೆರಳು ಕಿರುಬೆರಳು ಚಾಚಿ
ಗಾಳಿಯಲ್ಲಿ ಅಳೆದಳು: "ಒಂದು ಗೇಣು ತಗೋರಿ.
ಉಳದದ್ದು ನಮ್ದು."

ಈ ಮೊದಲು ಹನ್ನೊಂದು ತುಂಡು ಬೆಳೆಸಿದ್ದೆವು.
ಹನ್ನೊಂದೂ ನಡುವಿನಿಂದ ಸತ್ತವು.
ಅಂಚು ನಗುತ್ತಿರುತ್ತದೆ, ಹೊಟ್ಟೆ ಬೂದಿ.
ಎರಡು ಕೂದಲೆಳೆಯ ದಪ್ಪ: ರಕ್ತದಿಂದ ಅಷ್ಟು ದೂರ
ಬದುಕಬಲ್ಲದು ಒಂದು ಕೋಶ. ಅದರಾಚೆ ಹಸಿವು.

ವಿಲ್ಸನ್ ಸಕ್ಕರೆ ಪಾಕ ಎಳೆಯುತ್ತಾನೆ,
ಹೋಳಿ ಹುಣ್ಣಿಮೆಗೆ ಮಕ್ಕಳ ಕೊರಳಿಗೆ ಹಾಕುವ ಸರದ ಪಾಕದಂಥದೇ,
ಆದರೆ ಕೂದಲಿನಷ್ಟು ಸಣ್ಣ. ಕವಲಿಗೆ ಕವಲು ಅಂಟಿಸುತ್ತಾನೆ.
ಸುತ್ತ ಜೀವಕೋಶ ಕಲಸಿದ ಅಂಟು ಸುರಿದು
ಬೆಚ್ಚಗೆ ಇಟ್ಟರೆ ಸಕ್ಕರೆ ಕರಗಿ ಹೋಗುತ್ತದೆ,
ಅದು ಇದ್ದಲ್ಲಿ ಓಣಿ ಉಳಿಯುತ್ತದೆ.
ಬೆರಳು ತಿಂದ ಸಕ್ಕರೆಯೇ ಇಲ್ಲಿ, ನೋಡು, ಎಂದೆ.
"ಮಾತಾಡಬ್ಯಾಡ್ರಿ, ಉಸಿರಿಗೆ ಎಳಿ ಹರೀತದ," ಎಂದ.

ನೋಡಬಂದವರಿಗೆಲ್ಲ ನೌಬಾದಿನ ಸುರಂಗದ ಕತೆ ಹೇಳುತ್ತೇವೆ:
ಈ ಕೆಂಪು ಕಲ್ಲಿನ ಕೆಳಗೆ ನೀರು ನಡೆದ ಊರು ಇದು.
ತಲೆದೂಗುತ್ತಾರೆ.
ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.
ಸುರಂಗದ ನೀರು ಇಳಿಜಾರು ಹಿಡಿದು ಹೋದದ್ದು ಹೋಯಿತು.
ರಕ್ತ ತಿರುಗಿ ಬರಬೇಕು.

ಆ ಗೇಣಿನ ಕೋಶಗಳನ್ನು ಓಣಿಗಳಿಗೆ ಬಿಟ್ಟ ರಾತ್ರಿ
ಅರ್ಧ ತಾಸಿಗೊಮ್ಮೆ ಮಗ್ಗುಲು ಬದಲಿಸಿದೆ,
ಎಲ್ಲ ಗೋಡೆಗೂ ಹತ್ತಿಕೊಳ್ಳಲೆಂದು.
ಮೂರಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಕೆಮ್ಮಿತು.
ಪಂಪು ನಿಲ್ಲಲಿಲ್ಲ.

ಹತ್ತೊಂಬತ್ತನೆಯ ದಿನ, ಸೂಕ್ಷ್ಮದರ್ಶಕದಡಿ,
ನಾವು ಎಳೆಯದ ಕಡೆಗೆ ಒಂದು ಕವಲು ಹೊರಟಿತ್ತು,
ಹಸಿದ ಕೋಶವೊಂದರ ಕಡೆಗೆ, ತಾನಾಗಿ.
ವಿಲ್ಸನ್ ಕನ್ನಡಕ ತೆಗೆದು ಒರೆಸಿದ. ಮತ್ತೆ ನೋಡಿದ.
ನಾಲ್ಕು ದಿನ ಯಾರೂ ಸರಿಯಾಗಿ ಮನೆಗೆ ಹೋಗಲಿಲ್ಲ.

ಇಪ್ಪತ್ಮೂರಕ್ಕೆ ನಳಿಕೆಯಲ್ಲಿ ಗಾಳಿಯ ಗುಳ್ಳೆ,
ಸಾಸಿವೆಯಷ್ಟು.

ಕಾಶೀಬಾಯಿಯ ಫೋನು ಬಂತು:
"ನಮ್ದು ಬೇವಿನ ಬುಡಕ್ಕ ಇಟ್ಟೀವಿ. ಕೂಸು ನಗತದ.
ನಿಮ್ಮ ಗೇಣು ಹ್ಯಾಂಗದ?"
ಸತ್ತಿತು ಎನ್ನಲು ಬಾಯಿ ಬರಲಿಲ್ಲ, ಬೆಳೆಯಿತು ಎನ್ನಲೂ.
ಇನ್ನೂ ನಾಲ್ಕು ಸೀಸೆ ಥಂಡಿಯಾಗ ಅದಾವ, ಬಾಯೀ, ಎಂದೆ.
ಮತ್ತೆ, ಅವತ್ತು ಕೇಳದೆ ಬಿಟ್ಟದ್ದನ್ನು ಕೇಳಿದೆ:
ಕಾಲು?

ಆಚೆ ಬಹಳ ಹೊತ್ತು ಕೂಸಿನ ಸದ್ದು.
"ಅದ," ಎಂದಳು.